ಕಾವು ಕೂತವಳು

ಅಲ್ಮಾಟಿಯ ಬಸ್ಸಿನಲ್ಲಿ, ಕೋಟಿನೊಳಗೆ ಹೊಟ್ಟೆ ಹಿಡಿದು ನಿಂತಿದ್ದ ಹುಡುಗಿಗೆ ನನ್ನ ಸೀಟು ಬಿಟ್ಟುಕೊಟ್ಟೆ. ಪಕ್ಕದ ಅಜ್ಜಿ, ಅಲ್ಲಿಯವರ ಬಾಯಲ್ಲಿ ‘ಅಪಾ’, ಕೇಳಿದಳು:

“ಎಷ್ಟು ತಿಂಗಳು ತಾಯಿ?”

“ಮಗು ಅಲ್ಲ ಅಪಾ, ಜೀವಕೋಶದ ಬಾಟಲಿ. ನಮ್ಮ ಲ್ಯಾಬಿನ ಶಾಖಪೆಟ್ಟಿಗೆ ಕೆಟ್ಟಿದೆ. ಇನ್ನೊಂದು ಲ್ಯಾಬು ಸೇರೋವರೆಗೂ ಇದಕ್ಕೆ ನಾನೇ ಕೋಳಿ.”

ನನಗೆ ಮೈಯೆಲ್ಲ ಉರಿಯಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು, ಓದಿದವರ ಬಾಟಲಿಗೆ ಎದ್ದು ನಿಂತಿದ್ದೆ!

“ತಣ್ಣಗಾದ್ರೆ?” ಅಜ್ಜಿ ಕೇಳಿದಳು.

“ಸಾಯ್ತವೆ. ಇವು ಸತ್ರೆ ಲೇಖನ ಇಲ್ಲ, ಲೇಖನ ಇಲ್ದಿದ್ರೆ ಪಿಎಚ್.ಡಿ. ಇಲ್ಲ. ನಾಲ್ಕು ವರ್ಷ ಓದಿ ಕಲ್ತಿದ್ದು ಕಾವು ಕೂರೋದು.”

“ಕೋಳಿಗೆ ಇಪ್ಪತ್ತೊಂದೇ ದಿನ ಸಾಕು ಕಣೇ.”

“ಅದಕ್ಕೆ ಗೈಡ್ ಇರಲ್ವಲ್ಲ ಅಪಾ.”

ಅಜ್ಜಿ ತನ್ನ ಶಾಲು ತೆಗೆದು ಅವಳ ಹೊಟ್ಟೆಗೆ ಬಿಗಿದಳು. ನಿಲ್ದಾಣ ಬಂದಾಗ ಅವಳೇ ಕೂಗಿದಳು:

“ಲೇ ಡ್ರೈವರ್, ಮೆಲ್ಲಗೆ ನಿಲ್ಸೋ! ಬಸುರಿ ಇಳೀತಾಳೆ!”

ಹುಡುಗಿ ಬಸುರಿಯ ಹಾಗೆ ಹೊಟ್ಟೆ ಹಿಡಿದುಕೊಂಡೇ ಇಳಿದು ಹೋದಳು.