ತಿರುವಲ್ಲೇ ನಿಲ್ಲಿಸು

ಕದ್ದು ಕೇಳುವ ಚಟ ಕುರ್ಚಿ ಬಾಡಿಗೆಯವನಿಗೆ ಇರಲಿಲ್ಲ. ಆದರೆ ವಿಶೇಷ ಮಕ್ಕಳ ಶಾಲೆಯ ವಾರ್ಷಿಕೋತ್ಸವ ಮುಗಿದು, ಅವನು ಗೇಟಿನ ಬಳಿ ಕುರ್ಚಿ ಪೇರಿಸುತ್ತಿದ್ದಾಗ, ಒಬ್ಬ ತಾಯಿ ಅಲ್ಲೇ ನಿಂತು ಶಾಲೆ ವ್ಯಾನಿನ ಡ್ರೈವರನ ಹತ್ತಿರ ಮಾತಿಗಿಳಿದಳು.

“ರಜೆ ಮುಗಿದ್ಮೇಲೆ ನಮ್ಮನೆ ಮುಂದೆ ಬರ್ಬೇಡಪ್ಪ.”

“ಯಾಕಕ್ಕ? ಎದುರುಮನೆ ಪುಟ್ಟೀನ ಹತ್ತಿಸ್ಕೋಬೇಕಲ್ಲ?”

“ಅವಳನ್ನ ಬೀದಿ ತಿರುವಲ್ಲೇ ಹತ್ತಿಸ್ಕೋ. ಅವರಮ್ಮನಿಗೆ ಹೇಳಿದೀನಿ.”

“ಹಾರ್ನ್ ಹೊಡಿಯಲ್ಲ ಬಿಡಿ.”

“ಹಾರ್ನ್ ಯಾಕೆ ಬೇಕು? ನಿನ್ನ ವ್ಯಾನಿನ ಸದ್ದು ಕೇಳಿದ್ರೆ ಸಾಕು, ನನ್ನ ಮಗ ತಟ್ಟೆ ಬಿಟ್ಟೆದ್ದು ಬ್ಯಾಗ್ ಹಾಕ್ಕೊಂಡು ಓಡ್ತಾನೆ.”

“ಹದಿನೆಂಟು ತುಂಬ್ತು, ಇನ್ನು ಶಾಲೆ ಇಲ್ಲ ಅಂತ ಹೇಳಿಲ್ವಾ?”

“ದಿನಾ ಹೇಳ್ತೀನಿ. ಹೂಂ ಅಂತಾನೆ. ಇವತ್ತು ಬೀಳ್ಕೊಡುವಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ್ರಲ್ಲ, ತಾನು ಗೆದ್ದೆ ಅಂದ್ಕೊಂಡಿದಾನೆ.”

“ಮುಂದೇನಕ್ಕ?”

“ಕೇಳದ ಜಾಗ ಇಲ್ಲ. ದೊಡ್ಡೋರಾದ್ಮೇಲೆ ಇಂಥೋರು ಎಲ್ಲಿಗೆ ಹೋಗ್ಬೇಕು ಅಂತ ಯಾರಿಗೂ ಗೊತ್ತಿಲ್ಲ. ಮನೇಲಿರ್ತಾನೆ, ನನ್ನ ಜೊತೆ.”

ಡ್ರೈವರ್ ಕೈಯಲ್ಲಿದ್ದ ಕೀಲಿಕೈ ತಿರುವಿದ. “ಆಯ್ತಕ್ಕ. ತಿರುವಲ್ಲೇ ನಿಲ್ಲಿಸ್ತೀನಿ.”

ಅಷ್ಟರಲ್ಲಿ ನಾಟಕದ ಕಾಗದದ ಕಿರೀಟ ತೆಗೆಯದೇ ಮಗ ಬಂದ. ಮೀಸೆ ಚಿಗುರಿದ ಹುಡುಗ. ದಿನಾ ಸಂಜೆ ಹೇಳುವ ಹಾಗೇ ಹೇಳಿದ: “ಮಾಮ, ಬೇಗ ಬಾ.”

“ಬಂದ್ಬಿಡ್ತೀನಿ ರಾಜ, ರೆಡಿಯಾಗಿರು!”

ದಿನಾ ಹೇಳಿ ಹೇಳಿ ರೂಢಿಯಾದ ಮಾತು. ಆಡಿದ ಮೇಲೆ ಡ್ರೈವರ್ ನಾಲಿಗೆ ಕಚ್ಚಿಕೊಂಡ.

ತಾಯಿ ಮಗನ ಕಿರೀಟ ಸರಿಮಾಡಿ, ಕೈ ಹಿಡಿದು ನಡೆದಳು. ರಸ್ತೆಯ ತಿರುವು ಬರುವವರೆಗೂ ಹುಡುಗ ಹಿಂದೆ ತಿರುಗಿ ತಿರುಗಿ ವ್ಯಾನಿಗೆ ಕೈ ಬೀಸುತ್ತಲೇ ಇದ್ದ.