ನೋಡದಽ ಒಗದ ಚೆಂಡು

ಹಂಗಾರ ಜೋರ್ಡನ್ನಽ ದೊಡ್ಡಾಂವ ಅಂತೀ? ಅನ್ನು. ಮೊನ್ನೆ ಆರನೇ ಸಲ ಗೆದ್ದಾನ, ಜಗತ್ತೆಲ್ಲಾ ಅವನ ಹೆಸರು ಹೇಳಾಕತ್ತೈತಿ, ನೀನೂ ಹೇಳು. ನಾ ಮಾತ್ರ ಮ್ಯಾಜಿಕ್ ಜಾನ್ಸನ್‌ನ ಬಿಟ್ಟುಕೊಡಂಗಿಲ್ಲ. ಬುಟ್ಟಿಗೆ ಚೆಂಡು ಹಾಕಾವ್ರು ಊರಿಗೆ ಹತ್ತು ಮಂದಿ ಸಿಗ್ತಾರೋ ಫಕೀರೇಶ. ಇನ್ನೊಬ್ಬನ ಕೈಯಾಗ ಚೆಂಡು ಇಟ್ಟು, ನೀ ಹಾಕಪಾ ಅಂತ ತಾ ಹಿಂದ ಸರಿಯಾಂವ... ಅಂಥಾಂವ ಎಲ್ಲಿ ಸಿಗ್ತಾನ?

ಯಾಕ ನಗಾಕತ್ತೀ? ಕೈಯಾಗ ಜ್ವಾಳದ ಹಿಟ್ಟು, ಬಾಯಾಗ ಬಾಸ್ಕೆಟ್‌ಬಾಲು ಅಂತ? ನಗು, ಆದ್ರ ಮೆಲ್ಲಕ ನಗು. ನಮ್ಮ ಅತ್ತಿ ಪಡಸಾಲ್ಯಾಗ ಅಡ್ಡಾಗ್ಯಾರ. ಚಹಾ ಆರಾಕತ್ತೈತಿ ನೋಡು, ಕುಡಿ. ನಿಮ್ಮ ಮಾಮಾ ದುರ್ಗದಬೈಲಿನ ಅಂಗಡಿ ಮುಚ್ಚಿ ಬರೂದ್ರಾಗ ನನ್ನ ರೊಟ್ಟಿ ಮುಗೀಬೇಕು.

ಹಿಂದಕ ಯಾಂವೋ ಒಬ್ಬಾಂವ ಒಂದಽ ಮ್ಯಾಚಿನ್ಯಾಗ ನೂರು ಪಾಯಿಂಟ್ ಹೊಡದಿದ್ನಂತ. ಹೊಡೀಲಿ. ಉಳದ ನಾಕು ಮಂದಿ ಅವತ್ತ ಏನ್ ಮಾಡಾಕತ್ತಿದ್ರು, ಯಾರರ ಕೇಳ್ಯಾರೇನು? ಕರೀಮ್ ಅಬ್ದುಲ್ ಜಬ್ಬಾರ್, ಎಲ್ಲಾರಕಿಂತ ಹೆಚ್ಚು ಪಾಯಿಂಟ್ ಅವಂದಽ. ಖರೇ. ಆದ್ರ ಹತ್ತು ವರ್ಷ ಅವನ ಕೈಗೆ ಚೆಂಡು ತಂದು ಕೊಟ್ಟಾಂವ ಯಾರು? ಮ್ಯಾಜಿಕ್. ಕೊಟ್ಟಾವ್ರನ್ನ ಯಾರೂ ನೆನಸಂಗಿಲ್ಲ, ಹಾಕಿದಾವ್ರನ್ನಽ ನೆನಸ್ತಾರ.

ಹಿಡಿ.

ನೋಡಿದಿ? ಹಂಚಿನ ಮ್ಯಾಲಿನ ಕಣ್ಣು ನಾ ತಗದಿಲ್ಲ, ಉಳ್ಳಾಗಡ್ಡಿ ನಿನ್ನ ಕೈಯಾಗ ಐತಿ. ಐದು ವರ್ಷಾತು ನಾ ಚೆಂಡು ಮುಟ್ಟಿ. ಸುಲಿ ಅದನ್ನ, ಊಟಕ್ಕ ಬೇಕು.

ಇಲ್ಲ, ಸಿಟ್ಟಾಗಿಲ್ಲ. ಸಿಟ್ಟಾಗೇನಿ ಅಂತ ಯಾರಂದ್ರು? ರೊಟ್ಟಿ ಹಿಂಗಽ ಬಡೀತೇನಿ ನಾ.

...ಆಗೇನಿ. ಹೌದು, ಆಗೇನಿ. ಸ್ಟೇಟ್ ಟೀಮಿಗೆ ಆರಿಸಿ ಬಂದ ನಮ್ಮ ತಮ್ಮ ಧಾರವಾಡ ಆಕಾಶವಾಣ್ಯಾಗ ಮಾತಾಡ್ತಾನ ಅಂತ ನಿನ್ನೆ ಓಣಿಗೆಲ್ಲಾ ಹೇಳಿ ಬಂದಿದ್ದೆ. ಬಾಜೂಮನಿ ಮದೀನಾಬಿ ಹೊಲಿಗಿ ಬಿಟ್ಟು ಬಂದು ಕುಂತಿದ್ಲು. ನಮ್ಮ ಅತ್ತಿ ತಾವಽ ಎದ್ದು ರೇಡಿಯೋ ದನಿ ಏರಿಸಿದ್ರು. ರೇಡಿಯೋದಾಗ ಪ್ರಶ್ನೆ ಕೇಳೂ ಬಾಯಾರು ಮೊದಲ ಕೇಳಿದ್ರು, ಎಲ್ಲಾರಕಿಂತ ದೊಡ್ಡ ಆಟಗಾರ ಯಾರು ಅಂತ. ಜೋರ್ಡನ್ ಅಂದಿ. ಆಗಲಿ. ಆಮ್ಯಾಲೆ ಕೇಳಿದ್ರು, ಅತ್ತಾಗ ನೋಡದಽ ಚೆಂಡು ಕೊಡ್ತೀರಲ್ಲ, ಇದನ್ನ ಯಾರು ಕಲಿಸಿದ್ರು ಅಂತ. ನಾ ರೇಡಿಯೋದ ಹತ್ರ ಸರದು ಕುಂತೆ. ನೀ ಏನಂದಿ? "ಸಪ್ಪಳದ ಮ್ಯಾಲೆ ಕೊಡ್ತೇನ್ರಿ. ಯಾರೂ ಕಲಿಸಿಲ್ಲ, ಟಿವಿ ನೋಡಿ ಕಲ್ತೆ."

ಟಿವಿ. ಯಾರ ಮನ್ಯಾಗಿನ ಟಿವಿ? ಬಾರ್ಸಿಲೋನಾ ಒಲಿಂಪಿಕ್ಸ್ ನಮ್ಮ ತವರಮನಿ ಓಣ್ಯಾಗಿನ ದೇವಕ್ಕನ ಮನಿಗೆ ಹೋಗಿ ನೋಡಿದ್ವಿ, ಅದೂ ಕರೆಂಟ್ ಇದ್ದಾಗ. ಜೋರ್ಡನ್ನೂ ಮ್ಯಾಜಿಕ್ಕೂ ಒಂದಽ ಟೀಮಿನ್ಯಾಗ ಆಡಿದ್ರು, ನಮ್ಮಿಬ್ಬರ ಜಗಳಾ ಅವತ್ತಿಂದ ಸುರು. ಅಷ್ಟಽ ನೀ ನೋಡಿದ ಟಿವಿ.

ಹಿತ್ತಲದಾಗ ನಿನ್ನ ಕಣ್ಣಿಗೆ ನನ್ನ ಓಢಣಿ ಕಟ್ಟಿ ನಿಂದರಿಸ್ತಿದ್ದೆ, ನೆನಪೈತಿ? ಮ್ಯಾಚಿಗೆ ಹೋಗಬೇಕಾದ್ರ ಬಳಿ ತಗದಿಟ್ಟು ಹೋಗ್ತಿದ್ದೆ. ಮನಿಗೆ ಬಂದು ನಿನ್ನ ಸಲುವಾಗಿ ಮತ್ತ ಕೈತುಂಬ ಹಾಕ್ಕೋತಿದ್ದೆ. ಬಳಿ ಸಪ್ಪಳ ಎಲ್ಲಿ ಬರ್ತೈತಿ ಅಲ್ಲಿಗೆ ಒಗಿ ಅಂತಿದ್ದೆ. ಮೊದಮೊದಲ ನೀ ಅವ್ವನ ಕೊಡಕ್ಕ ಒಗದಿ, ತುಳಸಿಕಟ್ಟಿಗೆ ಒಗದಿ, ಎಲ್ಲಾ ಬೈಗಳಾ ನಾ ತಿಂದೆ. ಎಷ್ಟು ಬಳಿ ಒಡದ್ವು. ಈ ಗೀರು ನೋಡು, ಇನ್ನೂ ಹೋಗಿಲ್ಲ. ಬಳಿ ಸಪ್ಪಳಾ ಟಿವಿಯಾಗ ಬರ್ತೈತೇನೋ?

"ಶಾಣ್ಯಾ ಅದಾನ ನಿಮ್ಮ ತಮ್ಮ, ತಾನಽ ಕಲ್ತಾನ" ಅಂದ್ಲು ಮದೀನಾಬಿ. ನಾ ಹೂಂ ಅಂದೆ. ಏನನ್ಲಿ ಮತ್ತ? ಸುಮಲತಾ. ನಾಕಽ ಅಕ್ಷರ. ನಮ್ಮಕ್ಕ ಸುಮಲತಾ ಕಲಿಸಿದ್ಲು ಅಂದಿದ್ರ ನಿನ್ನ ಬಾಯಿ ಸವೀತಿತ್ತೇನು? ಮೋಸ ಮಾಡಿದಿ ನೀ ನನಗ. ಪರರು ಮಾಡಿದ್ರ ನುಂಗಿಕೊಂಡು ಸುಮ್ಮನಿರ್ತಿದ್ದೆ. ಬಗಲಾಗ ಎತ್ತಿಕೊಂಡು ತಿರುಗಿದ ತಮ್ಮ ನೀ...

ಮಾತಾಡು. ಯಾಕ ಹೇಳಲಿಲ್ಲ? ಯಾರರ ಬ್ಯಾಡ ಅಂದಿದ್ರಾ? ಉಳ್ಳಾಗಡ್ಡಿ ನೋಡಬ್ಯಾಡ, ನನ್ನ ನೋಡು. ನಿನ್ನ ಬಾಯಿ ಕಟ್ಟಿದಾವ್ರು ಯಾರು, ಹೇಳು.

ಪಡಸಾಲಿ ಕಡೆ ಯಾಕ ನೋಡ್ತೀ?

ಫಕೀರೇಶ... ಯಾಕ ಅತ್ತಾಗ ನೋಡ್ತೀ?

...ಹೂಂ.

ಕನ್ಯಾ ನೋಡಾಕ ಈ ಮನಿಯವ್ರು ಬಂದ ದಿವಸ. ಚಡ್ಡಿ ಹಾಕ್ಕೊಂಡು ಮಂದ್ಯಾಗ ಆಡಿದ ಹುಡುಗಿ ನಮಗ ಬ್ಯಾಡ ಅಂತ ಅದರ ಹಿಂದಿನ ಸಂಬಂಧ ಮುರದು ಹೋಗಿತ್ತು. ಚಹಾದ ತಾಟು ಹಿಡಕೊಂಡು ನಿಂತಿದ್ದೆ ನಾ. ಅತ್ತಿ ಗ್ವಾಡಿ ಮಾಡದಾಗಿನ ಆಟದ ಕಪ್ ನೋಡಿ, ಇವೆಲ್ಲಾ ಯಾರವು ಅಂದ್ರು. ನಾ ತಲಿ ಎತ್ತಲಿಲ್ಲ. ತಮ್ಮನವ್ರಿ ಅಂದೆ. ಯೂನಿವರ್ಸಿಟಿ ಕಪ್ಪು ಅವು, ನೀ ಇನ್ನ ಏಳನೇ ಕ್ಲಾಸ್ ಓದಾಂವ. ನೀ ಒಂದು ಗಳಿಗಿ ಸುದ್ದಾ ತಡೀಲಿಲ್ಲ. "ಹೌದ್ರಿ, ನನ್ನವು" ಅಂದಿ.

ನನ್ನ ಕಪ್ಪು, ನನ್ನ ಹೆಸರು, ಎಲ್ಲಾ ನಿನ್ನ ಕಡೆ ನೋಡದಽ ಒಗದಿದ್ದೆ. ನೀ ಹಿಡದಿ. ಇವತ್ತಿನ ತನಕಾ ಹಿಡಕೊಂಡಽ ಅದೀ.

ನಿನ್ನೆ ಹೊಳ್ಳಿ ಕೊಡ್ತೀ ಅಂತ ರೇಡಿಯೋ ಮುಂದ ಕುಂತಿದ್ನೋ ತಮ್ಮಾ. ಅತ್ತಿ ಕೇಳೂ ಹಂಗಽ ಕೊಡ್ತೀ ಅಂತ. ನಾ ಬಾಯಿ ಬಿಟ್ಟು ಕೇಳಿರಲಿಲ್ಲ. ಬಳಿ ಸಪ್ಪಳದಾಗಽ ನಿನಗ ತಿಳೀತೈತಿ ಅಂತ...

ಹಾಂ? ಬಂದೆ ರೀ ಅತ್ತಿ... ಎದ್ರೇನ್ರಿ? ಏನಿಲ್ರಿ, ತಮ್ಮ ಅವನ ಆಟದ ಸುದ್ದಿ ಹೇಳಾಕತ್ತಿದ್ದ. ಇಲ್ರಿ, ಜಗಳಾ ಎಲ್ಲಿದು... ನನಗೇನು ತಿಳೀತೈತ್ರಿ ಅದರಾಗ.