ಒಂದು ರಿಂಗಿನ ಕರಾರು

ಅಲ್ಲಿ ಬ್ಯಾಡವಾ, ಆ ಕುರ್ಚಿ ಕಾಲು ಅಳ್ಳಾಡತೈತಿ... ಇಲ್ಲಿ ಬಾ, ಈ ಮಂಚದ ಮ್ಯಾಲ ಕುಂದ್ರು. ಹಾಂ. ಏ ಮುತ್ತವ್ವಾ! ಒಂದ್ ಕಪ್ ಚಾ ಇಡು, ಶಾಬುದ್ದೀನನ ಮಗಳು ಬಂದಾಳ, ದಿಲನಾಜ!... ಕೇಳಸಂಗಿಲ್ಲ ಅಕಿಗೆ. ಹಿತ್ತಲದಾಗ ಮೆಣಸಿನಕಾಯಿ ತೊಟ್ಟು ಬಿಡಸಾಕತ್ತಾಳ. ತಡಿ, ನಾನ ಇಡ್ತೀನಿ. ಬ್ಯಾಡ? ಬ್ಯಾಡಂದ್ರ ಹೆಂಗವಾ? ನೀ ನನ್ನ ಮನಿಗೆ ಬಂದು ಬರೇ ಬಾಯಿಲೆ ಹೋದ್ರ ಆ ಮನಷ್ಯಾ ಮ್ಯಾಲಿಂದ ನನಗ ಬೈತಾನ. ಆತು, ಆತು... ಆಮ್ಯಾಲ ಕುಡಿಯೂಣು.

ಅಪ್ಪನ ನಲವತ್ತರ ದಿನಕ್ಕ ಕರಿಯಾಕ ಬಂದೀ ಹೌದಿಲ್ಲೋ? ಫೋನ್ ಮಾಡಿದ್ರ ಸಾಕಿತ್ತಲ್ಲವಾ. ನನಗ ಬ್ಯಾರೆ ಕರಿಯಾಕ ಬೇಕೇನು? ನಾ ಹಿಂದಿನ ದಿನಾನ ಬಂದು ಪಾತ್ರಿ ತೊಳಿಯಾಕ ನಿಂದರಾವ. ಇಪ್ಪತ್ತೆರಡು ವರ್ಷ, ದಿಲನಾಜ! ಅವ ಡ್ರೈವರ್, ನಾ ಕಂಡಕ್ಟರ್. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ. ಕಟ್ಟಿಗೊಂಡ ಹೆಂಡ್ತಿ ಮುತ್ತವ್ವನ ಮಾರಿಗಿಂತ ನಿಮ್ಮಪ್ಪನ ಬೆನ್ನು ಹೆಚ್ಚಿಗಿ ನೋಡೇನಿ ನಾ.

ಯಾಕ, ನಗಾಕತ್ತಿ? ನಗು, ನಗು... ಏ. ಏ ಹುಡುಗಿ, ಅಳಬ್ಯಾಡ. ನಾ ನಗೂದಂತ ತಿಳದೆ. ತಗೋ, ನೀರರ ಕುಡಿ.

ಅದೇನು ಕೈಯಾಗ? ಅವನ ಫೋನು... ಮೂಲ್ಯಾಗ ಒಡದದ್ದು ಹಂಗ ಐತಲ್ಲ. ಗಾಜು ಹಾಕಿಸೋ ದೋಸ್ತ ಅಂದ್ರ, 'ಒಡದದ್ದು ಮೂಲಿ, ಚದುರಂಗದ ನಮ್ಮ ರಾಜ ನಡಬರಕ ಅದಾನ' ಅಂತಿದ್ದ. ಹಂಗಿತ್ತು ಅವನ ಮಾತು. ಹಾವೇರಿ ಸ್ಟ್ಯಾಂಡಿನ್ಯಾಗ ಮುಕ್ಕಾಲು ತಾಸು ಗಾಡಿ ನಿಲ್ತಿತ್ತು ನೋಡು. ಉಳದವರು ಬೀಡಿ ಸೇದವ್ರು, ನಾವು ಬಾನೆಟ್ ಮ್ಯಾಲ ಚದುರಂಗ ಹಾಸವ್ರು. ಒಂದು ಕುದುರಿ ಕಳದಿತ್ತು, ಅದರ ಬದಲಿ ಸೋಡಾ ಬಾಟ್ಲಿ ಮುಚ್ಚಳ. ಆ ಮುಚ್ಚಳದಿಂದ ಎಷ್ಟು ಸಲ ನನ್ನ ವಜೀರನ್ನ ಹೊಡದಾನೋ ಸೂಳೇಮಗ... ತಪ್ಪು ತಪ್ಪು. ನಿನ್ನ ಮುಂದ ಹಂಗ ಅನಬಾರದು. ಬಾಯಿ ಚಟ ಅವ್ವಾ.

ಮತ್ತ ಗಾಡಿ ಮ್ಯಾಲ ಕುಂತ್ರ ಮುಗೀತು, ಬ್ಯಾರೆ ಮನಷ್ಯಾನ ಆಗಾವ. ನಾ ಒಂದು ಸೀಟಿ ಊದಿದ್ರ ನಿಂದರಬೇಕು, ಎರಡು ಊದಿದ್ರ ಹೊಂಡಬೇಕು. ಅಗಡಿ ಕ್ರಾಸಿನ್ಯಾಗ ಒಂದಿನ ಸೀಟಿ ಊದಿದೆ, ಗಕ್ಕನ ಬ್ರೇಕ್ ಹಾಕಿದ. ಮುದುಕಿ ಸೆರಗು ಬಾಗಲದಾಗ ಸಿಕ್ಕಿತ್ತು. ಅವ ಕನ್ನಡಿ ಸುದ್ದ ನೋಡಲಿಲ್ಲ. ಯಾಕೋ ನೋಡಲಿಲ್ಲ ಅಂದ್ರ, 'ನೀ ಊದಿದ ಮ್ಯಾಲ ನೋಡೂದೇನೈತಿ' ಅಂದ.

ಇಲ್ಲ, ಮಾತು ಮರಸಾಕತ್ತಿಲ್ಲ ನಾ... ಹೇಳತೀನಿ, ಹೇಳತೀನಿ.

ಆ ಫೋನಿನ್ಯಾಗ ನಂದ ನಂಬರ್ ಐತಿ ಅಂತ ಕೇಳಾಕ ಬಂದೀ. ಅವತ್ತು ಮುಂಜಾನೆ. ಆರು ನಲವತ್ತೊಂದು, ನಲವತ್ಮೂರು, ನಲವತ್ತಾರು. ಗೊತ್ತೈತಿ, ನನ್ನ ಫೋನಿನ್ಯಾಗೂ ಅದಾವ. ಮಣ್ಣಿಗೆ ಬಂದಾಗನ ಹೇಳಿದ್ದೆನಲ್ಲವಾ ಎಲ್ಲರ ಮುಂದ, ನಾ ಜಳಕಾ ಮಾಡಾಕತ್ತಿದ್ದೆ, ಫೋನು ಒಳಗಿನ ಕೋಣ್ಯಾಗ ಚಾರ್ಜಿಗೆ ಹಾಕಿತ್ತು ಅಂತ...

ಹಂಗ್ಯಾಕ ನೋಡ್ತಿ?

ಮುತ್ತವ್ವ ಏನರ ಹೇಳಿದಳೇನು ನಿನಗ? ಮೊನ್ನಿ ಫೋನ್ ಮಾಡಿದಾಗ? ... ಹೇಳಿರಬೇಕು. ಅಕಿ ಹೊಟ್ಟಿಯಾಗ ಒಂದು ಮಾತು ನಿಲ್ಲಂಗಿಲ್ಲ.

ಆತು. ಜಳಕಾ ಅಲ್ಲ. ಇಲ್ಲೇ ಕುಂತಿದ್ದೆ, ಈಗ ನೀ ಕುಂತೀ ನೋಡು, ಅಲ್ಲೇ. ಫೋನು ಕೈಯಾಗಿತ್ತು. ಆದ್ರ ಇಲ್ಲಿ ಕೇಳು, ಪೂರ್ತಿ ಕೇಳು, ಆಮ್ಯಾಲ ನೀನ ಹೇಳು ತಪ್ಪು ಯಾರದು ಅಂತ. ದಿನಾ ಮುಂಜಾನೆ ಆರಕ್ಕ ಅದರಾಗ ಚದುರಂಗದ್ದು ಒಂದು ಹೊಸಾ ಗಂಟು ಬರ್ತೈತಿ. ಗಂಟು ಅಂತಿದ್ವಿ ನಾವು. ಆನಿ ಇಲ್ಲಿ, ವಜೀರ ಇಲ್ಲಿ, ರಾಜ ಅಲ್ಲಿ, ಎರಡು ನಡಿಯೊಳಗ ಮಾತ ಮಾಡು, ರಾಜ ಎತ್ತಲಾಗೂ ಸರಿಯದಂಗ ಕಟ್ಟಿ ಹಾಕು ಅಂತ. ಬಿಡಿಸಿದ್ರ ಆ ತಾರೀಖಿಗೆ ಹಸರು ಚುಕ್ಕಿ. ಬಿಡಸಲಿಲ್ಲಂದ್ರ ಖಾಲಿ. ನಿಮ್ಮಪ್ಪಂದು ಎಂಟುನೂರಾ ಹನ್ನೊಂದು ದಿನ, ಒಂದೂ ಖಾಲಿ ಇಲ್ಲ! ನಿಮ್ಮವ್ವ ತೀರಿದ ದಿನಾನೂ ಬಿಡಿಸ್ಯಾನ. ಜನ ಏನಂದಾರೋ ಅಂದ್ರ, 'ಅಳೂದು ದಿನಪೂರ್ತಿ ಐತಿ, ಇದಕ್ಕ ಹತ್ತ ನಿಮಿಷ' ಅಂದ. ಅವನ ಖಾತೆ ತಗದು ಕೊಟ್ಟಾವ ನಾನ. ಪಾಸ್‌ವರ್ಡ್ ಏನಿಡ್ಲೋ ಅಂದ್ರ, 'ದಿಲನಾಜ ಅಂತಿಡು, ಮುಂದ ನಮ್ಮ ಗಾಡಿ ನಂಬರ್ ಹಾಕು, ಸಾಯೂತನಾ ಮರಿಯಂಗಿಲ್ಲ' ಅಂದ.

ನಮ್ಮ ಕರಾರು ಹಿಂಗ. ಮೊದಲು ಬಿಡಿಸಿದಾವ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಅಂದ್ರ, 'ನಂದಾತು, ನಿಂದೇನು?' ಅಂತ. ಬಿಡಸದಾವ ಫೋನ್ ಎತ್ತಂಗಿಲ್ಲ. ಎತ್ತಿದ್ರ ಸೋತ, ಮುಂದಿನ ಸಲ ಕೂಡಿದಾಗ ಗಿರಮಿಟ್ಟು ತಿನ್ನಸೂದು ಅವಂದ. ಸಣ್ಣ ಹುಡುಗರಂಗ... ಹೂಂ, ಸಣ್ಣ ಹುಡುಗರ ನಾವು. ಮತ್ತ ನಿಮ್ಮಪ್ಪ ಏನ್ ಕಡಿಮಿ ಇದ್ದನೇನು? ನಾ ಎತ್ತಲಿ ಅಂತನ ಮ್ಯಾಲಿಂದ ಮ್ಯಾಲ ಹೊಡಿಯಾವ! ದೀಪಾವಳಿ ಮುಂದ ಐದು ಸಲ ಹೊಡದ. ಏನೋ ಆಗೇತಿ ಅಂತ ಗಾಬರಿ ಆಗಿ ಎತ್ತಿದೆ ನೋಡು, ಖೊಳ್ಳನ ನಕ್ಕ. 'ಸೋತಿ ಮಗನ, ಗಿರಮಿಟ್ಟು ತಗಿ!' ಅವತ್ತ ನಾ ಆಣಿ ಮಾಡಿದೆ. ಇನ್ನ ಏನ ಬರಲಿ, ಬಿಡಸೂತನಾ ಎತ್ತಂಗಿಲ್ಲ ಅಂತ.

ತಿಳೀತಿಲ್ಲೋ? ಅದಕ್ಕ ಎತ್ತಲಿಲ್ಲ. ಮತ್ತೇನಿಲ್ಲ.

ಅವತ್ತಿನ ಗಂಟು ಭಾಳ ಬಿಗಿ ಇತ್ತವಾ. ವಜೀರನ್ನ ಕೊಡಬೇಕಿತ್ತು, ರಾಜನ ಮಗ್ಗಲದಾಗ ಇಟ್ಟು ಸುಮ್ನ ಕೊಟ್ಟಬಿಡಬೇಕು. ನನಗ ಕೊಡಾಕ ಮನಸ್ಸ ಬರವಲ್ದು. ಅವಾಗ ರಿಂಗ್ ಬಂತು. ಬಿಡಿಸ್ಯಾನ ಮಗ, ಅಂದೆ. ಮತ್ತ ಬಂತು. ಕಟ್ ಮಾಡಿದೆ. ಹೌದು, ನಾನ ಕಟ್ ಮಾಡಿದೆ, ಸುಳ್ಳ ಯಾಕ ಹೇಳ್ಲಿ. ಮೂರನೇದು ಬಂದಾಗ ಮುತ್ತವ್ವ ಒಳಗಿಂದ ಒದರಿದಳು, ಎತ್ತರೀ ಅದನ್ನ ಅಂತ. ನಾ ಅಂದೆ, ಸುಮ್ನಿರು, ಅವ ಗಿರಮಿಟ್ಟಿಗೆ ಹೊಂಚ ಹಾಕ್ಯಾನ... ನಕ್ಕೆ ಸುದ್ದ. ನಕ್ಕೆ ನಾ.

ಹಿಂಗ ಆಕ್ಕೈತಂತ ಯಾರಿಗೆ ಗೊತ್ತಿತ್ತು? ಹಣಿಬಾರಕ್ಕ ಹೊಣಿ ಯಾರವಾ? ನೀ ಆರೂ ಹದಿನೈದಕ್ಕ ಬಸ್ ಹತ್ತೀದಿ, ಹಾವೇರಿ ಸಾಲಿಗೆ. ಅವ ಒಬ್ಬಾವ ಮನ್ಯಾಗ. ಎದಿ ಹಿಡಕೊಂಡು ಕುಂತಿರಬೇಕು. ನಿನಗ ಯಾಕ ಹಚ್ಚಲಿಲ್ಲ, ನನಗ ಯಾಕ ಹಚ್ಚಿದ ಅಂತ ನಾನೂ ಭಾಳ ಕೇಳಿಕೊಂಡೇನಿ. ಆ ಹೊತ್ತಿನ್ಯಾಗ ಅವನ ಬಳ್ಳು ದಿನಾ ಹೋಗೂದ ನನ್ನ ನಂಬರಿಗೆ. ರೂಢಿ ಅವ್ವಾ, ಬರೇ ರೂಢಿ.

ಮತ್ತ ಅವ ಗಂಟು ಬಿಡಿಸಿದ್ದ! ಅದನ್ನ ನೋಡು ನೀ. ಬಿಡಿಸಿ, ಬಡಾಯಿಗೆ ರಿಂಗ್ ಕೊಟ್ಟಾನ, ಆಮ್ಯಾಲ ಅವಗ ತ್ರಾಸ ಆಗೇತಿ. ಹಂಗ ಆಗೇತಿ. ತಗಿ ಆ ಚದುರಂಗಾನ, ಕುದುರಿ ಚಿತ್ರದ್ದು... ಹಾಂ, ಒತ್ತು. ತಾರೀಖು ನೋಡು. ಹಸರು ಚುಕ್ಕಿ ಐತಿಲ್ಲೋ? ಐತಿ! ಮತ್ತ? ಕರಾರಿನ ಪ್ರಕಾರ ರಿಂಗ್ ಕೊಟ್ಟಾನ, ಕರಾರಿನ ಪ್ರಕಾರ ನಾ ಎತ್ತಿಲ್ಲ. ನಂದೇನು ತಪ್ಪು ಇದರಾಗ?

ಚುಕ್ಕಿ ಮ್ಯಾಲ ಯಾಕ ಒತ್ತತಿ... ಅದರಾಗ ಏನೂ ಇರಂಗಿಲ್ಲ ಬಿಡವಾ. ಇತ್ಲಾಗ ಕೊಡು. ದಿಲನಾಜ, ಫೋನು ಇತ್ಲಾಗ ಕೊಡು.

ನನಗ ಯಾಕ ತೋರಸ್ತಿ? ಕನ್ನಡಕ ಇಲ್ಲ ನನಗ... ಕಾಣತೈತಿ. ಹೂಂ. ಕಾಣತೈತಿ.

ಮಧ್ಯಾಹ್ನ ಎರಡೂ ಹತ್ತು.

ಟೈಮ್ ಬರದಿಡತೈತಿ ಅಂತ ನನಗ ಗೊತ್ತಿರಲಿಲ್ಲ.

ಅವಾಗ... ಎರಡೂ ಹತ್ತಕ್ಕ ಒಳಗ ನಿಮ್ಮಪ್ಪಗ ಜಳಕಾ ಮಾಡಸಾಕತ್ತಿದ್ರು. ನಾ ಹೊರಗ, ನಿಮ್ಮ ಪಕ್ಕದ ಮನಿ ಅಯಾಜನ ಕಟ್ಟಿ ಮ್ಯಾಲ ಕುಂತಿದ್ದೆ. ಎಲ್ಲಾರೂ ನನ್ನ ನೋಡಿ ಅಂದ್ರು, ಪ್ರಭುಲಿಂಗಪ್ಪಗ ಭಾಳ ಪೆಟ್ಟಾಗೇತಿ, ಮಾತಾಡಸಬ್ಯಾಡ್ರಿ ಅಂತ. ನಾ ನನ್ನ ಫೋನ್ ತಗದೆ. ಅವನ ಖಾತೆ ತಗದೆ, ನಿನ್ನ ಹೆಸರು, ನಮ್ಮ ಗಾಡಿ ನಂಬರ್. ಬಿಡಿಸಿರ್ತಾನ, ಬಿಡಿಸೇ ಇರ್ತಾನ ಅಂತ ದೇವರಿಗೆ ಕೈ ಮುಗದು ತಗದೆನವಾ. ಖಾಲಿ ಇತ್ತು.

ಎಂಟುನೂರಾ ಹನ್ನೊಂದು ಹಸರು, ಅವತ್ತಿಂದೊಂದು ಖಾಲಿ. ಮುಟ್ಟಿಲ್ಲ ಅವ ಅದನ್ನ. ಒಂದು ಕಾಯಿ ಸುದ್ದ ಸರಿಸಿಲ್ಲ. ಬಡಾಯಿಗೆ ಹೊಡದದ್ದಲ್ಲ ಅದು, ಗಿರಮಿಟ್ಟಿಗೂ ಅಲ್ಲ. ಸಾಯಾಕತ್ತೀನಿ ಬಾರೋ ದೋಸ್ತ ಅಂತ ಹೊಡದಾನ, ನಾ ಬಳ್ಳಿಲೆ ಒತ್ತಿ ಕಟ್ ಮಾಡೇನಿ. ಅದಕ್ಕ ನಾನ ಬಿಡಿಸಿದೆ, ಅವನ ಹೆಸರಲೆ. ವಜೀರನ್ನ ಕೊಟ್ಟೆ, ಕುದುರಿ ಹಾರಿಸಿದೆ, ಮಾತ. ಹಸರು ಆತು. ನಿಮಗ ತೋರಸಾಕಲ್ಲ, ನನಗ ತೋರಸಿಕೊಳ್ಳಾಕ. ದಿನಾ ನೋಡತಿದ್ದೆ ಅದನ್ನ. ನೋಡ್ತಾ ನೋಡ್ತಾ ಅವನ ಬಿಡಿಸ್ಯಾನ ಅಂತ ನಂಬಿಗಿ ಬರಾಕತ್ತಿತ್ತು.

ಇಲ್ಲಿ ಬ್ಯಾಡಗಿಯಿಂದ ನಿಮ್ಮೂರಿಗೆ ನಾ ಹಾರಿ ಬರಾವಲ್ಲ, ಖರೇ. ಆದ್ರ ಅಯಾಜ್ ಪಕ್ಕದ ಮನಿಯಾಗಿದ್ದ. ಅವನ ಆಟೋ ಬಾಗಲದಾಗ ನಿಂತಿತ್ತು. ನಾ ಫೋನ್ ಎತ್ತಿ ಅವಗ ಒಂದು ಮಾತು ಹೇಳಿದ್ರ ಸಾಕಿತ್ತು. ಒಂದ ಮಾತು.

ಇನ್ನೂ ಐತಿ. ರಿಂಗಿನ ಪಟ್ಟಿ ತಗದು ಕೆಳಗ ಸರಿಸು... ಅವನ ಆ ಮೂರು ರಿಂಗ್ ಆದ ಮ್ಯಾಲ ಇನ್ನೊಂದು ಐತಿ ನೋಡು, ಕೆಂಪಂದು. ಆರು ಐವತ್ಮೂರು. ಅದು ನಂದು. ಗಂಟು ಬಿಡೀತು ನನಗ. ಖುಷಿಲೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ನಂದಾತು, ನಿಂದೇನು ಅಂತ... ಅವನ ಕೈಯಾಗ ಹೊಡಕೊಂಡಿರಬೇಕು ಅದು. ಕೇಳಿರಬೇಕೇನವಾ ಅವಗ?

ಎದ್ದೇನು? ಚಾ... ಇರಲಿ. ಹೋಗು. ನಲವತ್ತಕ್ಕ ಬರ್ರಿ ಅಂತ ನೀ ಅನ್ನಲಿಲ್ಲ, ನಾ ಕೇಳಂಗಿಲ್ಲ.

ಇಪ್ಪತ್ತೆರಡು ವರ್ಷ ನಾ ಒಂದು ಸೀಟಿ ಊದಿದ್ರ ಸಾಕು, ಯಾಕಂತ ಕೇಳದ ಗಾಡಿ ನಿಂದರಸ್ತಿದ್ದ ನಿಮ್ಮಪ್ಪ. ಅವ ಒಂದ ದಿನ ಊದಿದ, ದಿಲನಾಜ. ಮೂರು ಸಲ ಊದಿದ. ನಾ ನಿಂದರಲಿಲ್ಲವಾ.